ಹಗುರಾದ ಬೆನ್ನು, ಕೈಗೆ ಸಿಗದ ನೀರು: ಒಂದು ಚಾರಣದ ಪ್ರಕರಣ ಅಧ್ಯಯನ

ಬೆಳಗಿನ 6 ಗಂಟೆಗೆ ಹೊರಟ ನಾಲ್ವರ ಗುಂಪೊಂದು ಸಂಜೆ 5.50ಕ್ಕೆ ಹೊರಟ ಜಾಗಕ್ಕೇ ಮರಳಿತು. ಯಾರ ಮೂಳೆಯೂ ಮುರಿಯಲಿಲ್ಲ, ರಕ್ಷಣಾ ತಂಡವನ್ನು ಕರೆಯುವ ಪ್ರಮೇಯವೂ ಬರಲಿಲ್ಲ. ಹಾಗಾಗಿ ಇದನ್ನು ಅಪಘಾತ ಎನ್ನಲು ಬಾರದು. ಆದರೂ ಬರೆದಿಡಬೇಕೆನಿಸಿದ್ದಕ್ಕೆ ಕಾರಣವಿದೆ. ಆ ದಿನದ ಅತಿ ದೊಡ್ಡ ತಪ್ಪನ್ನು ನಾವು ಉಪಕಾರ ಮಾಡುವ ಭರದಲ್ಲಿ ಮಾಡಿದೆವು. ಅಂಥ ತಪ್ಪು ಮಾಡುತ್ತಿರುವಾಗ ಅದು ತಪ್ಪಿನಂತೆ ಕಾಣುವುದೇ ಇಲ್ಲ. ಬೆಟ್ಟ ಯಾವುದು, ಯಾವ ವರ್ಷ, ಜೊತೆಗಿದ್ದವರು ಯಾರು ಎಂಬುದನ್ನು ಬೇಕೆಂದೇ ಬಿಟ್ಟಿದ್ದೇನೆ. ಬಳಲಿದ ಸಂಗಾತಿಯನ್ನು ‘ಕ’ ಎಂದೂ, ಉಳಿದಿಬ್ಬರನ್ನು ‘ಖ’ ಮತ್ತು ‘ಗ’ ಎಂದೂ ಕರೆದಿದ್ದೇನೆ. ದಾರಿ ಗೊತ್ತಿದ್ದವನು ನಾನೊಬ್ಬನೇ ಆದ್ದರಿಂದ ಮುಂದಾಳತ್ವ ನನ್ನ ಪಾಲಿಗೆ ಬಂದಿತ್ತು.

ಹಿನ್ನೆಲೆ

ಹೋಗಿಬರುವ ದಾರಿ ಒಟ್ಟು 18 ಕಿಲೋಮೀಟರ್. ಹೊರಡುವ ಜಾಗ 1,700 ಮೀಟರ್ ಎತ್ತರದಲ್ಲಿತ್ತು, ಶಿಖರ 2,900 ಮೀಟರ್ ಆಸುಪಾಸಿನಲ್ಲಿತ್ತು. ಹಿಂದಿನ ರಾತ್ರಿ ನಾನು ಸಮಯದ ಲೆಕ್ಕ ಹಾಕಿದ್ದು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರದಿಂದ. ಅದರ ಈಗಿನ ಮೆಟ್ರಿಕ್ ರೂಪದ ಪ್ರಕಾರ ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 9 ಕಿಲೋಮೀಟರ್ ನಡಿಗೆ, 1,200 ಮೀಟರ್ ಏರು ಸೇರಿದರೆ 3 ಗಂಟೆ 48 ನಿಮಿಷ. ವಿಶ್ರಾಂತಿಗೆಂದು ಸುಮಾರು ಒಂದು ಗಂಟೆ ಸೇರಿಸಿ, 10.45ಕ್ಕೆ ಶಿಖರ, ಮೂರೂಕಾಲರ ಹೊತ್ತಿಗೆ ಕೆಳಗೆ ಎಂದು ಬರೆದುಕೊಂಡೆ. ಸೂರ್ಯಾಸ್ತ 6.20ಕ್ಕೆ ಇತ್ತು. ಮೂರು ಗಂಟೆಗಳ ಬಿಡುವು ಕೈಯಲ್ಲಿದೆ ಎಂಬ ಧೈರ್ಯದಲ್ಲಿ ಮಲಗಿದೆ.

ಆ ಸೂತ್ರ ಯಾರಿಗಾಗಿ ಹೇಳಿದ್ದು ಎಂಬುದನ್ನು ಆಗ ಯೋಚಿಸಲಿಲ್ಲ. ನೈಸ್ಮಿತ್ ಹೇಳಿದ್ದು ದೇಹ ತಕ್ಕಮಟ್ಟಿಗೆ ಪಳಗಿದವರ ವಿಷಯ. ‘ಕ’ ವಾರಕ್ಕೆ ಮೂರು ದಿನ 5 ಕಿಲೋಮೀಟರ್ ಓಡುತ್ತಿದ್ದರು. ಉಸಿರು, ಎದೆ ಎರಡೂ ನಮ್ಮೆಲ್ಲರಿಗಿಂತ ಗಟ್ಟಿಯಾಗಿಯೇ ಇದ್ದಿರಬಹುದು. ಆದರೆ ಆ ಓಟವೆಲ್ಲ ಸಮತಟ್ಟು ನೆಲದ ಮೇಲಿನದು. ಒಂದೇ ಸಮನೆ ಇಳಿಯುವ ಅಭ್ಯಾಸ ಅವರ ತೊಡೆಗಳಿಗೆ ಇರಲಿಲ್ಲ. ಶೂ ಹೊಸದು, ಎರಡೇ ಬಾರಿ ಹಾಕಿದ್ದು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ. ಬೆಳಗ್ಗೆ ಅಷ್ಟು ಬೇಗ ಹೊಟ್ಟೆಗೆ ಏನೂ ಹಿಡಿಸದೆ ಅರ್ಧ ತಿಂದು ಕೈತೊಳೆದಿದ್ದರು. ಈ ನಾಲ್ಕು ಸಂಗತಿಗಳಲ್ಲಿ ಮೂರು ನನಗೆ ಹೊರಡುವ ಮೊದಲೇ ಗೊತ್ತಿದ್ದವು. ಒಂದೊಂದನ್ನೇ ನೋಡಿದಾಗ ಯಾವುದೂ ಹೊರಡದಿರಲು ಸಾಲುವ ಕಾರಣವೆನಿಸಲಿಲ್ಲ, ಎಲ್ಲವನ್ನೂ ಕೂಡಿಸಿ ನಾನು ನೋಡಲಿಲ್ಲ.

ಹನ್ನೆರಡು ಗಂಟೆಗೆ ಹಿಂತಿರುಗಬೇಕು ಎಂದೂ ಮಾತಾಡಿಕೊಂಡಿದ್ದೆವು. ಆದರೆ ಹನ್ನೆರಡಕ್ಕೆ ನಾಲ್ವರೂ ಹಿಂತಿರುಗಬೇಕೋ, ನಡೆಯಲಾಗದವರು ಮಾತ್ರವೋ, ಗುಂಪು ಒಡೆದರೆ ಎಲ್ಲಿ ಮತ್ತೆ ಸೇರಬೇಕು ಎಂಬುದನ್ನು ಯಾರೂ ಕೇಳಲಿಲ್ಲ.

ಸಮಸ್ಯೆ ಬೆಳೆದ ಬಗೆ

ಮೊದಲ ಒಂದು ಗಂಟೆಯಲ್ಲಿ ಎರಡೂವರೆ ಕಿಲೋಮೀಟರ್ ನಡೆದು 400 ಮೀಟರ್ ಏರಿದ್ದೆವು. ನೈಸ್ಮಿತ್ ಲೆಕ್ಕಕ್ಕಿಂತ ಹತ್ತು ನಿಮಿಷ ಮುಂದಿದ್ದೇವೆ ಎಂದು ನಾನು ಹೆಮ್ಮೆಯಿಂದ ಹೇಳಿದ್ದು ನೆನಪಿದೆ. ಅದೇ ಹೊತ್ತಿನಲ್ಲಿ ‘ಕ’ ಮಾತು ನಿಲ್ಲಿಸಿದ್ದರು. ಹೊರಟಾಗ ಎಲ್ಲರಿಗಿಂತ ಹೆಚ್ಚು ಹರಟುತ್ತಿದ್ದವರು ಒಂದು ತಿರುವಿನಿಂದಾಚೆ ಬರೀ ತಲೆಯಾಡಿಸತೊಡಗಿದರು. ಏರಿನಲ್ಲಿ ಪೂರ್ತಿ ವಾಕ್ಯ ಆಡಲು ಆಗುತ್ತಿದೆಯೇ ಎಂಬುದು ವೇಗ ಹಿತಮಿತವಾಗಿದೆಯೇ ಎಂದು ತಿಳಿಯುವ ಅತ್ಯಂತ ಸುಲಭದ ಪರೀಕ್ಷೆ, ಅದಕ್ಕೆ ಯಾವ ಉಪಕರಣವೂ ಬೇಡ. ನಾನೋ, ಅವರು ನೋಟ ಸವಿಯುತ್ತಿದ್ದಾರೆಂದುಕೊಂಡೆ.

ಎಂಟೂಕಾಲರ ಹೊತ್ತಿಗೆ ಅಂತರ ಬಿತ್ತು. ‘ಖ’ ಮತ್ತು ‘ಗ’ ಇಬ್ಬರೂ ಮೇಲಿನ ತಿರುವಿಗೆ ಹೋಗಿ ಕೂರುವುದು, ‘ಕ’ ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟುವುದು, ಮುಟ್ಟಿದ ಕೂಡಲೇ ಅವರಿಬ್ಬರೂ ಎದ್ದು ಚಡ್ಡಿಯ ಧೂಳು ಕೊಡವಿಕೊಂಡು “ಹೊರಡೋಣವಾ?” ಎನ್ನುವುದು ಶುರುವಾಯಿತು. ಅವರಲ್ಲಿ ಕೆಟ್ಟತನವೇನೂ ಇರಲಿಲ್ಲ. ಕಾಯುವುದೇ ಸೌಜನ್ಯ ಎಂದುಕೊಂಡಿದ್ದರು. ಆದರೆ ಈ ಲೆಕ್ಕದಲ್ಲಿ ದಣಿವಿಲ್ಲದವರಿಗೆ ಕೂರಲು ಸಮಯ ಸಿಗುತ್ತದೆ, ದಣಿದವರಿಗೆ ಸಿಗುವುದಿಲ್ಲ. ಒಂಬತ್ತೂವರೆಯವರೆಗೆ ಅವರಿಬ್ಬರು ಒಟ್ಟು ಅರ್ಧ ಗಂಟೆಗೂ ಹೆಚ್ಚು ಕೂತಿದ್ದರು, ‘ಕ’ ಹತ್ತು ನಿಮಿಷವೂ ಕೂತಿರಲಿಲ್ಲ. ಆಮೇಲೆ ಫೋಟೊಗಳ ಸಮಯ ಹೊಂದಿಸಿ ನೋಡಿದಾಗ ಇದು ಗೊತ್ತಾಯಿತು.

ಮಾಡಿ ನೋಡಿದ್ದು

ಮೊದಲು ಮಾಡಿದ್ದು, ಎಲ್ಲರೂ ಮಾಡುವಂತೆ, ಕೇಳಿದ್ದು. “ಆಗುತ್ತಾ?” “ಆಗುತ್ತೆ.” ಈ ಎರಡು ಮಾತು ಆ ಬೆಳಗ್ಗೆ ಏನಿಲ್ಲವೆಂದರೂ ಎಂಟು ಸಲ ನಡೆದವು. ಮೂವರು ನಿಂತು ಕಾಯುತ್ತಿರುವಾಗ ಆಗುವುದಿಲ್ಲ ಎನ್ನಲು ಎಷ್ಟು ಧೈರ್ಯ ಬೇಕೆಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಎರಡನೆಯದಾಗಿ ‘ಕ’ ಅವರನ್ನು ನನ್ನ ಹಿಂದೆಯೇ, ಉಳಿದಿಬ್ಬರಿಗಿಂತ ಮುಂದೆ ನಡೆಸಿದೆ. ಪ್ರತಿ ಹೆಜ್ಜೆಯಲ್ಲೂ ಹಿಂಗಾಲಿನ ಮಂಡಿಯನ್ನು ನೆಟ್ಟಗೆ ಮಾಡಿ, ಕ್ಷಣಕಾಲ ದೇಹದ ಭಾರವನ್ನು ಸ್ನಾಯುವಿನ ಬದಲು ಮೂಳೆಯ ಮೇಲೆ ನಿಲ್ಲಿಸಿ, ಆಮೇಲೆ ಮುಂದಿನ ಹೆಜ್ಜೆ ಇಡುವ ನಡಿಗೆಯನ್ನು ತೋರಿಸಿಕೊಟ್ಟೆ. ಇದು ನಿಜಕ್ಕೂ ಫಲ ಕೊಟ್ಟಿತು. ಇಪ್ಪತ್ತು ನಿಮಿಷ ನಿಲ್ಲದೆ ನಡೆದೆವು. ಮೊದಲ ಗಂಟೆಯಲ್ಲೇ ಹೀಗೆ ನಡೆದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲವೇನೋ. ಅಷ್ಟರಲ್ಲಾಗಲೇ ಹೊಟ್ಟೆ ತೊಳಸಲು ಶುರುವಾಗಿ, ಕೊಟ್ಟ ಬಿಸ್ಕತ್ತನ್ನು ‘ಕ’ ಅಂಗೈಯಲ್ಲೇ ಹಿಡಿದುಕೊಂಡು ನಡೆಯುತ್ತಿದ್ದರು. ಕೊನೆಗೆ ಅದು ಬೆವರಿಗೆ ಮೆತ್ತಗಾಗಿ ಬೆರಳಿಗಂಟಿತ್ತು.

ಮೂರನೆಯದೇ ಬೆನ್ನುಚೀಲದ ವಿಷಯ. ‘ಗ’ ತಾವಾಗಿಯೇ ಬಂದು, ಬೇಡವೆಂದರೂ ಕೇಳದೆ, ‘ಕ’ ಅವರ ಚೀಲವನ್ನು ಇಳಿಸಿಕೊಂಡು ತಮ್ಮ ಚೀಲದ ಮೇಲೆ ಕಟ್ಟಿಕೊಂಡರು. ನನಗೆ ಬಹಳ ಸಮಾಧಾನವಾಯಿತು. ಭಾರ ಇಳಿದರೆ ನಡಿಗೆ ಸುಧಾರಿಸುತ್ತದೆ ಎಂಬುದು ಸುಳ್ಳೇನಲ್ಲ. ಆ ಚೀಲದಲ್ಲಿ ಏನೇನಿದೆ ಎಂದು ಮಾತ್ರ ನಾನೂ ಕೇಳಲಿಲ್ಲ, ‘ಗ’ ಅವರೂ ಕೇಳಲಿಲ್ಲ.

10.40ಕ್ಕೆ ಎರಡು ಶಿಖರಗಳ ನಡುವಿನ ತಗ್ಗನ್ನು ಮುಟ್ಟಿದೆವು. ಎತ್ತರ 2,600 ಮೀಟರ್. ಯೋಜನೆಗಿಂತ ಒಂದು ಗಂಟೆ ತಡ. ಮುಂದೆ ಒಂದೂವರೆ ಕಿಲೋಮೀಟರ್, 300 ಮೀಟರ್ ಏರು ಬಾಕಿಯಿತ್ತು. ‘ಕ’ ಬಂಡೆಗೊರಗಿ ಕೂತು, “ನೀವು ಹೋಗಿ ಬನ್ನಿ, ನಾನಿಲ್ಲೇ ಇರುತ್ತೇನೆ” ಎಂದರು. ಒಬ್ಬರನ್ನೇ ಬಿಡುವುದು ಸಾಧ್ಯವಿರಲಿಲ್ಲ. ನಾಲ್ವರೂ ಹಿಂತಿರುಗೋಣ ಎನ್ನಲು ನನಗೆ ಬಾಯಿ ಬರಲಿಲ್ಲ; ಶಿಖರ ಕಣ್ಣೆದುರಿಗೇ ಇತ್ತು, ಉಳಿದಿಬ್ಬರಿಗೆ ದಣಿವಿರಲಿಲ್ಲ. ಅವರಿಬ್ಬರು ಹೋಗಿ ತೊಂಬತ್ತು ನಿಮಿಷದಲ್ಲಿ ಮರಳುವುದು, ನಾನು ‘ಕ’ ಜೊತೆ ತಗ್ಗಿನಲ್ಲೇ ಕಾಯುವುದು ಎಂದಾಯಿತು. ಒಂದು ನಿಮಿಷವೂ ಹಿಡಿಯದ ತೀರ್ಮಾನ ಅದು.

ಹತ್ತು ನಿಮಿಷ ಕಳೆದ ಮೇಲೆ ‘ಕ’ ನೀರು ಕೇಳಿದರು. ಅವರ ನೀರಿನ ಎರಡು ಬಾಟಲಿ, ಜಾಕೆಟ್, ಒಣ ಅಂಗಿ ಎಲ್ಲವೂ ‘ಗ’ ಅವರ ಬೆನ್ನೇರಿ ಶಿಖರದ ಕಡೆಗೆ ಹೋಗಿದ್ದವು.

ಗಾಳಿಯ ನಡುವೆ ಒಂದು ತೀರ್ಮಾನ

ಎತ್ತರ ಏರಿದಂತೆ ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಹೆಚ್ಚುತ್ತದೆ. ಆ ಲೆಕ್ಕದಲ್ಲಿ ನಾವು ಕೂತಿದ್ದ ಜಾಗ ಹೊರಟ ಜಾಗಕ್ಕಿಂತ ಸುಮಾರು ಆರು ಡಿಗ್ರಿ ತಣ್ಣಗಿತ್ತು. ಇದರ ಮೇಲೆ ಗಾಳಿ. ಎರಡು ಶಿಖರಗಳ ನಡುವಿನ ತಗ್ಗೆಂದರೆ ಗಾಳಿ ನುಗ್ಗುವ ಬಾಗಿಲಿದ್ದಂತೆ. ‘ಕ’ ತೊಟ್ಟಿದ್ದು ಬೆವರಿಗೆ ತೊಯ್ದ ಹತ್ತಿಯ ಅಂಗಿ. ಒದ್ದೆಯಾದ ಹತ್ತಿ ಮೈಯ ಶಾಖವನ್ನು ಹಿಡಿದಿಡುವುದಿಲ್ಲ, ನಡೆಯುವಾಗ ಹುಟ್ಟುತ್ತಿದ್ದ ಶಾಖ ಕೂತ ಕೂಡಲೇ ನಿಂತುಬಿಟ್ಟಿತ್ತು. ಕಾಲು ಗಂಟೆಯೊಳಗೆ ಅವರ ದವಡೆ ನಡುಗುವುದು ನನಗೆ ಕೇಳಿಸುತ್ತಿತ್ತು. ನನ್ನ ಜಾಕೆಟ್ ಹೊದಿಸಿದೆ. ನನ್ನಲ್ಲಿದ್ದ ಒಂದು ಲೀಟರ್ ನೀರು ಇಬ್ಬರ ಪಾಲಾಯಿತು.

ಆಗ ಮೊದಲ ಸಲ ಪ್ರಶ್ನೆಯನ್ನು ಬದಲಿಸಿದೆ. ಆಗುತ್ತಾ ಎನ್ನುವ ಬದಲು “ತಲೆ ಹೇಗಿದೆ?” ಎಂದು ಕೇಳಿದೆ. “ಒಂದು ಗಂಟೆಯಿಂದ ನೋಯ್ತಿದೆ” ಎಂದರು. ಹೊಟ್ಟೆ? “ವಾಂತಿ ಬರೋ ಹಾಗಿದೆ.” ಒಂದು ಗಂಟೆಯಿಂದ ಹೇಳದ ಸಂಗತಿಗಳು ಒಂದೇ ನಿಮಿಷದಲ್ಲಿ ಹೊರಬಂದವು.

ತಲೆನೋವು ಎಂದೊಡನೆ ಎತ್ತರದ ಕಾಯಿಲೆಯ ಅನುಮಾನ ಬರುವುದು ಸಹಜ. 2,500 ಮೀಟರಿನಿಂದ ಮೇಲೆ ಅದು ಬರಬಹುದು; ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟೇ ಇರುತ್ತದೆ. ಈ ಕಾಯಿಲೆಯನ್ನು ಅಳೆಯಲು ಬಳಸುವ ಲೇಕ್ ಲೂಯಿಸ್ ಮಾಪನದಲ್ಲಿ ತಲೆನೋವು, ಹೊಟ್ಟೆಯ ತೊಂದರೆ, ಆಯಾಸ, ತಲೆಸುತ್ತು ಎಂಬ ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ. ತಲೆನೋವು ಸೇರಿ ಒಟ್ಟು ಮೂರು ದಾಟಿದರೂ ಮುಟ್ಟಿದರೂ ಕಾಯಿಲೆ ಇದೆಯೆಂದು ಎಣಿಸುತ್ತಾರೆ. ‘ಕ’ ಅವರಿಗೆ ನಾಲ್ಕು ಬರುತ್ತಿತ್ತು. ಆದರೆ 2018ರಲ್ಲಿ ಪರಿಷ್ಕರಿಸಿದ ಆ ಮಾಪನವು ಎತ್ತರಕ್ಕೇರಿ ಆರು ಗಂಟೆ ಕಳೆಯುವ ಮೊದಲು ಅಂಕ ಹಾಕಬೇಡಿ ಎನ್ನುತ್ತದೆ, ನಾವು 2,500 ಮೀಟರ್ ದಾಟಿ ಒಂದು ಗಂಟೆಯೂ ಆಗಿರಲಿಲ್ಲ. ಹೊಟ್ಟೆಯಲ್ಲಿ ಏನೂ ಇಲ್ಲದೆ ನಾಲ್ಕೂವರೆ ಗಂಟೆ ಏರಿದವರಿಗೂ, ನೀರು ಸಾಲದವರಿಗೂ ಇವೇ ಲಕ್ಷಣಗಳು ಬರುತ್ತವೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ದೇಹದ ಸಕ್ಕರೆಯ ದಾಸ್ತಾನು, ಬಿರುಸಿನ ಶ್ರಮಕ್ಕೆ ಒದಗುವುದು ಹೆಚ್ಚೂಕಡಿಮೆ ಎರಡು ಗಂಟೆಯಷ್ಟೇ. ಮೊದಲ ಗಂಟೆಯ ನಮ್ಮ ಓಟವೇ ಅದರ ದೊಡ್ಡ ಪಾಲನ್ನು ತಿಂದುಹಾಕಿರಬೇಕು.

ಎತ್ತರದ ಕಾಯಿಲೆ ಉಲ್ಬಣಿಸಿ ಮಿದುಳಿಗೆ ಊತ ಬಂದಿದ್ದರೆ ನಡಿಗೆಯ ಹಿಡಿತ ತಪ್ಪುತ್ತದೆ. ಆದ್ದರಿಂದ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ನಡೆಯಿರಿ ಎಂದೆ. ‘ಕ’ ನಡುಗುತ್ತಲೇ ಹತ್ತು ಹೆಜ್ಜೆ ನಡೆದರು, ಗೆರೆ ಬಿಡಲಿಲ್ಲ. ಆ ಒಂದು ಭಯ ಹೋಯಿತು. ಕಾರಣ ಎತ್ತರವೋ, ಹಸಿವೋ, ಚಳಿಯೋ ಎಂಬುದು ಅಲ್ಲಿ ಕೂತು ತೀರ್ಮಾನವಾಗುವ ಮಾತಾಗಿರಲಿಲ್ಲ. ಆದರೆ ಮೂರಕ್ಕೂ ಹೊಂದುವ ಕ್ರಮ ಒಂದಿತ್ತು: ಕೆಳಗಿಳಿಯುವುದು, ಗಾಳಿಯಿಂದ ಮರೆಯಾಗುವುದು, ಸ್ವಲ್ಪ ಸ್ವಲ್ಪವಾಗಿ ತಿನ್ನಿಸುವುದು.

ತೊಡಕೆಂದರೆ, ಇಲ್ಲೇ ಇರುತ್ತೇವೆ ಎಂದು ಅವರಿಬ್ಬರಿಗೆ ಮಾತು ಕೊಟ್ಟಾಗಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಸೀಟಿ ಊದಿದೆ, ಗಾಳಿ ಅದನ್ನು ಬೇರೆಲ್ಲಿಗೋ ಒಯ್ದಿತು. ಮರಳಿ ಬಂದವರಿಗೆ ನಾವು ಕಾಣದಿದ್ದರೆ ಹುಡುಕಾಟ ಶುರುವಾಗಿ ಒಂದು ತೊಂದರೆ ಎರಡಾಗುತ್ತಿತ್ತು. ಹೊರಟರೂ ಕಷ್ಟ, ಕೂತರೂ ಕಷ್ಟ ಎನ್ನುವಾಗ ನೆನಪಾದದ್ದು, 200 ಮೀಟರ್ ಕೆಳಗೆ ದಾರಿಗೆ ಹೊಂದಿಕೊಂಡೇ ಇದ್ದ ಬಂಡೆಗಳ ಗುಂಪು. ಹಿಂತಿರುಗುವವರು ಅದರ ಪಕ್ಕದಲ್ಲೇ ಹಾದುಬರಬೇಕಿತ್ತು. ಕಾಗದದಲ್ಲಿ “11.10. ಇದೇ ದಾರಿಯಲ್ಲಿ ಇಳಿಯುತ್ತಿದ್ದೇವೆ. ಬಂಡೆಗಳ ಮರೆಯಲ್ಲಿ ಕಾಯುತ್ತೇವೆ, ಅಲ್ಲಿಂದ ಕೆಳಗೆ ಹೋಗುವುದಿಲ್ಲ” ಎಂದು ಬರೆದು, ಅವರು ಚೀಲ ಇಳಿಸಿ ಕೂತಿದ್ದ ಕಲ್ಲಿನ ಮೇಲೆ ಮೂರು ಕಲ್ಲುಗಳ ಭಾರವಿಟ್ಟು ಹೊರಟೆ. ಆ ಚೀಟಿಯ ಕೊನೆಯ ವಾಕ್ಯವೇ ಮುಖ್ಯವೆಂದು ಈಗಲೂ ಅನಿಸುತ್ತದೆ. ಎಲ್ಲಿಗೆ ಹೋಗುತ್ತೇವೆ ಎನ್ನುವಷ್ಟೇ, ಎಲ್ಲಿಂದಾಚೆ ಹೋಗುವುದಿಲ್ಲ ಎಂಬುದೂ ಹುಡುಕುವವರಿಗೆ ಗೊತ್ತಿರಬೇಕು.

ಬಂಡೆಗಳ ಮರೆಯಲ್ಲಿ ಒಂದು ಗಂಟೆ ಕಳೆದೆವು. ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು ನೀರು, ಒಂದೆರಡು ಒಣದ್ರಾಕ್ಷಿ. ಒಮ್ಮೆಲೇ ಕೊಟ್ಟರೆ ವಾಂತಿಯಾಗುವುದು ಖಚಿತವಿತ್ತು. ‘ಕ’ ಇಪ್ಪತ್ತು ನಿಮಿಷ ನಿದ್ದೆ ಮಾಡಿದರು, ನಡುಕ ನಿಂತಿತು, ತಲೆನೋವು ಇಳಿಯಿತು. 12.50ಕ್ಕೆ ‘ಖ’ ಮತ್ತು ‘ಗ’ ಚೀಟಿ ಹಿಡಿದುಕೊಂಡೇ ಬಂದರು. ‘ಗ’ ಅವರ ಮುಖ ನೋಡಲಾಗುತ್ತಿರಲಿಲ್ಲ. ನೀರು ಕುಡಿಯಲೆಂದು ಶಿಖರದ ಮೇಲೆ ಚೀಲ ಬಿಚ್ಚಿದಾಗ ತಾವು ಏನು ಹೊತ್ತು ತಂದಿದ್ದೇವೆಂದು ಅವರಿಗೆ ಗೊತ್ತಾಗಿತ್ತು.

ಇಳಿತ

ಕಷ್ಟ ಮುಗಿಯಿತು ಎಂದು ನಾಲ್ವರೂ ಅಂದುಕೊಂಡೆವು. ಹಗಲಿನ ಐದು ಗಂಟೆ ಹೋದದ್ದು ಆಮೇಲೆಯೇ. ನೈಸ್ಮಿತ್ ಸೂತ್ರಕ್ಕೆ ಎರಿಕ್ ಲ್ಯಾಂಗ್‌ಮ್ಯೂರ್ ಸೇರಿಸಿದ ತಿದ್ದುಪಡಿಯ ಪ್ರಕಾರ, 12 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಪ್ರತಿ 300 ಮೀಟರ್ ಇಳಿತಕ್ಕೆ 10 ನಿಮಿಷ ಕೂಡಿಸಿಕೊಳ್ಳಬೇಕು, ನಾನು ಕೂಡಿಸಿರಲಿಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಬಿಗಿಹಿಡಿದು ದೇಹದ ಭಾರಕ್ಕೆ ಬ್ರೇಕ್ ಹಾಕಬೇಕಾಗುತ್ತದೆ. ಈ ಕೆಲಸಕ್ಕೆ ಪಳಗದ ಸ್ನಾಯುವಿನ ಎಳೆಗಳು ಬೇಗ ಹಾನಿಗೊಳ್ಳುತ್ತವೆ, ಉಸಿರು ಎಷ್ಟೇ ಗಟ್ಟಿಯಿದ್ದರೂ ಇಲ್ಲಿ ನೆರವಿಗೆ ಬರುವುದಿಲ್ಲ. ‘ಕ’ ಅವರ ಮಂಡಿಗಳು ನಿಂತಲ್ಲೇ ನಡುಗತೊಡಗಿದವು. ಹೊಸ ಶೂವಿನೊಳಗೆ ಪಾದ ಮುಂದಕ್ಕೆ ಜಾರಿ ಹೆಬ್ಬೆರಳುಗಳು ಪ್ರತಿ ಹೆಜ್ಜೆಗೂ ಗುದ್ದಿಸಿಕೊಳ್ಳುತ್ತಿದ್ದವು. ಎರಡೂವರೆಗೆ ಒಮ್ಮೆ ಬಿದ್ದರು. ಅಂಗೈ ತರಚಿತು, ಅಷ್ಟೇ.

‘ಖ’ ತಮ್ಮ ಎರಡೂ ಊರುಗೋಲು ಕೊಟ್ಟರು. ನಾನು ಶೂ ಬಿಚ್ಚಿಸಿ, ಹಿಮ್ಮಡಿಯ ಗುಳ್ಳೆಗೆ ಪಟ್ಟಿ ಹಾಕಿ, ದಾರವನ್ನು ಕಣಕಾಲಿನ ಬಳಿ ಬಿಗಿದು, ಹಿಮ್ಮಡಿ ಹಿಂದಕ್ಕೇ ಕೂರುವಂತೆ ಕಟ್ಟಿದೆ. ‘ಗ’ ಒಂದು ಹೆಜ್ಜೆ ಮುಂದೆ ನಡೆಯುತ್ತ ಎಲ್ಲಿ ಕಾಲಿಡಬೇಕೆಂದು ಹೇಳುತ್ತಿದ್ದರು. “ಇಲ್ಲಿ, ಹುಷಾರು, ಇಲ್ಲಿ ಜಾರುತ್ತೆ, ಕೈ ಕೊಡಿ.” ಮೂವರೂ ಒಬ್ಬರ ಸುತ್ತ ಸುತ್ತುತ್ತಿದ್ದೆವು. ಅರ್ಧ ಗಂಟೆ ಹೀಗೆ ನಡೆದಿರಬೇಕು. ಒಮ್ಮೆಲೇ ‘ಕ’ ನಿಂತು, “ಮಗು ನಡೆಸಿದ ಹಾಗೆ ನಡೆಸಬೇಡಿ” ಎಂದು ಚೀರಿದರು. ಆಮೇಲೆ ಅಳು ಬಂತು.

ಆ ಬೆಳಗ್ಗಿನಿಂದ ನಾವು ಅವರಿಂದ ಮೊದಲು ವೇಗವನ್ನು, ಆಮೇಲೆ ಚೀಲವನ್ನು, ಕೊನೆಗೆ ಕಾಲಿಡುವ ಜಾಗವನ್ನೂ ಕಿತ್ತುಕೊಂಡಿದ್ದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಕೈಗಡಿಯಾರ ಬಿಚ್ಚಿ ಕೊಟ್ಟು, ಹದಿನೈದು ನಿಮಿಷ ನಡಿಗೆ, ಎರಡು ನಿಮಿಷ ವಿಶ್ರಾಂತಿ, ಹೊತ್ತು ನೋಡಿ ನಿಲ್ಲಿಸುವವರು, ಹೊರಡಿಸುವವರು ನೀವೇ ಎಂದೆ. ‘ಗ’ ಚೀಲ ಇಳಿಸಿ ಅದರಿಂದ ನೀರನ್ನೂ ಜಾಕೆಟನ್ನೂ ಮಾತ್ರ ತೆಗೆದು ಒಂದು ಸಣ್ಣ ಚೀಲದಲ್ಲಿ ‘ಕ’ ಅವರ ಬೆನ್ನಿಗೆ ವಾಪಸು ಹಾಕಿದರು. ಮುಂದಿನ ಮೂರು ಗಂಟೆ ಗುಂಪನ್ನು ನಡೆಸಿದ್ದು ‘ಕ’. ಹದಿನೈದನ್ನು ಅವರು ತಾವಾಗಿಯೇ ಹತ್ತಕ್ಕಿಳಿಸಿದರು, ಕಡಿದಾದ ಕಡೆ ಎಂಟಕ್ಕೆ. ವಿಶ್ರಾಂತಿ ಎಂದರೆ ಈಗ ನಾಲ್ವರೂ ಒಟ್ಟಿಗೆ ಕೂರುವುದು, ಒಟ್ಟಿಗೆ ಏಳುವುದು. ವೇಗ ಹೆಚ್ಚಲಿಲ್ಲ, ಆದರೆ ಮತ್ತೆ ಬೀಳಲಿಲ್ಲ.

ಫಲಿತಾಂಶ ಮತ್ತು ಅದರಿಂದ ತಿಳಿದದ್ದು

5.50ಕ್ಕೆ ಕೆಳಗೆ ಮುಟ್ಟಿದಾಗ ಬೆಳಕು ಉಳಿದದ್ದು ಅರ್ಧ ಗಂಟೆ. ನಾಲ್ವರಿಗೆ ಇದ್ದದ್ದು ಎರಡೇ ತಲೆದೀಪ. ಇನ್ನೊಂದು ಸಲ ಬಿದ್ದು ಕಾಲು ಉಳುಕಿದ್ದರೆ ಬೇರೆಯೇ ಬಗೆಯ ಪ್ರಕರಣ ಬರೆಯಬೇಕಾಗುತ್ತಿತ್ತು. ‘ಕ’ ಅವರ ಎರಡು ಹೆಬ್ಬೆರಳ ಉಗುರು ಕಪ್ಪಾಗಿ ಕೆಲವು ವಾರಗಳಲ್ಲಿ ಬಿದ್ದವು. ತೊಡೆನೋವು ಎರಡನೆಯ ದಿನ ಮೆಟ್ಟಿಲಿಳಿಯಲಾಗದಷ್ಟು ಏರಿ, ಆಮೇಲೆ ಇಳಿಯಿತು.

ತಿರುವುಗಳನ್ನು ಹಿಂದಿನಿಂದ ನೋಡಿದರೆ, ತಗ್ಗಿನಲ್ಲಿ ಗುಂಪು ಒಡೆದದ್ದೇ ದೊಡ್ಡ ತಪ್ಪೆಂದು ಮೊದಲು ಅನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ. ಒಡೆಯುವ ಮುಂಚೆ ಪ್ರತಿಯೊಬ್ಬರ ಮೈಮೇಲೆ ಅವರವರ ನೀರು, ಬೆಚ್ಚನೆಯ ಬಟ್ಟೆ, ಬೆಳಕು ಇದೆಯೇ ಎಂದು ನೋಡಿದ್ದರೆ ಒಡೆದದ್ದರಿಂದ ಅಂಥ ಹಾನಿಯಾಗುತ್ತಿರಲಿಲ್ಲ. ಸಂಗಾತಿಯ ಭಾರ ಹೊರುವವರು ಹೊರಬೇಕಾದ್ದು ಉಳಿದ ಸಾಮಾನನ್ನು. ಈ ಮೂರು ವಸ್ತು ಯಾವ ಕಾರಣಕ್ಕೂ ಮಾಲೀಕರ ಬೆನ್ನು ಬಿಡಬಾರದು. ಎರಡನೆಯದು ಪ್ರಶ್ನೆಯ ವಿಷಯ. ಆಗುತ್ತದೆಯೇ ಎಂದು ನಾನೀಗ ಯಾರನ್ನೂ ಕೇಳುವುದಿಲ್ಲ. ಕಡೆಯ ಬಾರಿ ಮೂತ್ರಕ್ಕೆ ಹೋದದ್ದು ಯಾವಾಗ, ಏನು ತಿಂದಿರಿ, ತಲೆ ಹೇಗಿದೆ, ಬೆರಳು ಎಲ್ಲಿ ಉಜ್ಜುತ್ತಿದೆ ಎಂದು ಕೇಳುತ್ತೇನೆ. ಇವಕ್ಕೆ ಉತ್ತರಿಸುವುದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ಗಡಿಯಾರವನ್ನು ಮಾತ್ರ ಹೊರಡುವಾಗಲೇ ಅತಿ ನಿಧಾನದವರ ಕೈಗೆ ಕೊಡುತ್ತೇನೆ.

ಇದನ್ನು ಬರೆದು ಮುಗಿಸಿ ಮೊದಲು ‘ಕ’ ಅವರಿಗೇ ಓದಲು ಕೊಟ್ಟೆ. ಸಮಯಗಳನ್ನು ಒಂದೆರಡು ಕಡೆ ತಿದ್ದಿದರು. ಆಗುವುದಿಲ್ಲ ಎನ್ನಲು ಧೈರ್ಯ ಬೇಕು ಎಂದು ನಾನು ಬರೆದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಹೀಗೆ ಬರೆದಿದ್ದರು: “ಧೈರ್ಯದ ಮಾತಲ್ಲ. ಪ್ರತಿ ಸಲ ಕೇಳಿದಾಗಲೂ ಆಗುತ್ತೆ ಅಂತಲೇ ನನಗೆ ನಿಜವಾಗಿ ಅನಿಸುತ್ತಿತ್ತು.” ನನ್ನ ಸಾಲನ್ನು ತೆಗೆದುಹಾಕಬೇಕೇ ಎಂದು ಕೇಳಿದೆ. ಇರಲಿ, ಇದನ್ನೂ ಸೇರಿಸಿ ಎಂದರು.